ಒಡವೆ ಕೆಲಸದ ಗರಗಸದ ಬ್ಲೇಡು: ನಂಬರ್ ಆರಿಸುವುದರಿಂದ ಮುರಿದ ಚೂರಿನ ತನಕ

ಸಾಮಾನಿನ ಅಂಗಡಿಯಲ್ಲಿ ‘ಎರಡನೇ ನಂಬರ್ ಬ್ಲೇಡು ಕೊಡಿ’ ಎಂದು ಕೇಳಿದರೆ ಎರಡು ಬೇರೆ ಬೇರೆ ಬ್ಲೇಡುಗಳಲ್ಲಿ ಯಾವುದಾದರೂ ಕೈಗೆ ಬರಬಹುದು. 2 ಎಂಬುದೊಂದಿದೆ, 2/0 ಎಂಬುದು ಇನ್ನೊಂದಿದೆ. ಮೊದಲನೆಯದು 0.34 ಮಿ.ಮೀ. ದಪ್ಪ, ಇಂಚಿಗೆ 43 ಹಲ್ಲು. ಎರಡನೆಯದು 0.26 ಮಿ.ಮೀ. ದಪ್ಪ, ಇಂಚಿಗೆ 56 ಹಲ್ಲು. ತೆಳು ಬೆಳ್ಳಿ ತಗಡಿಗೆ 2 ಹಾಕಿಕೊಂಡು ಕೂತವರು ಒಂದರ ಹಿಂದೊಂದು ಬ್ಲೇಡು ಮುರಿದು, ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಇರುವುದು ಕೊಂಡುತಂದ ಕಟ್ಟಿನಲ್ಲಿ. ಅದಕ್ಕೇ ಬಾಯಲ್ಲಿ ಹೇಳುವಾಗ ‘ಎರಡು ಸೊನ್ನೆ’, ‘ನಾಲ್ಕು ಸೊನ್ನೆ’ ಎಂದು ಸೊನ್ನೆ ಸೇರಿಸಿಯೇ ಹೇಳಿ. ಕಟ್ಟಿನ ಚೀಟಿಯನ್ನೂ ಒಮ್ಮೆ ಓದಿ.

ನಂಬರಿನ ಲೆಕ್ಕ

ಕೈಗರಗಸದ ಬ್ಲೇಡು ಸಾಮಾನ್ಯವಾಗಿ 130 ಮಿ.ಮೀ. ಉದ್ದ. 12ರ ಡಜನ್ ಕಟ್ಟಾಗಿ, ತೆಳು ತಂತಿ ಸುತ್ತಿ ಮಾರುತ್ತಾರೆ. 12 ಡಜನ್ ಸೇರಿದರೆ ಒಂದು ಗ್ರೋಸ್. ಅಳತೆಯ ನಡುಬಿಂದು 0. ಸೊನ್ನೆಯ ಹಿಂದಿನ ಅಂಕಿ ಬೆಳೆದಷ್ಟೂ ಬ್ಲೇಡು ಸಣ್ಣಗಾಗುತ್ತದೆ. 8/0 ತೀರಾ ನಾಜೂಕು. ಸೊನ್ನೆಯಿಲ್ಲದ ಬರಿ ಅಂಕಿ ಬೆಳೆದಷ್ಟೂ ಒರಟು.

8/0: ದಪ್ಪ 0.16 ಮಿ.ಮೀ., ಅಗಲ 0.32, ಇಂಚಿಗೆ ಸುಮಾರು 89 ಹಲ್ಲು
6/0: ದಪ್ಪ 0.18, ಅಗಲ 0.35, 76 ಹಲ್ಲು
5/0: ದಪ್ಪ 0.20, ಅಗಲ 0.40, 71 ಹಲ್ಲು
4/0: ದಪ್ಪ 0.22, ಅಗಲ 0.44, 66 ಹಲ್ಲು
3/0: ದಪ್ಪ 0.24, ಅಗಲ 0.48, 61 ಹಲ್ಲು
2/0: ದಪ್ಪ 0.26, ಅಗಲ 0.52, 56 ಹಲ್ಲು
1: ದಪ್ಪ 0.30, ಅಗಲ 0.60, 51 ಹಲ್ಲು
2: ದಪ್ಪ 0.34, ಅಗಲ 0.70, 43 ಹಲ್ಲು
4: ದಪ್ಪ 0.38, ಅಗಲ 0.80, 38 ಹಲ್ಲು

ತಯಾರಕರು ಬದಲಾದರೆ ಇವು ಕೊಂಚ ಆಚೀಚೆ ಆಗುತ್ತವೆ. ಇಲ್ಲಿ ದಪ್ಪ ಅಂದರೆ ಕೊಯ್ದ ಸೀಳು ಎಷ್ಟು ಅಗಲವಾಗುತ್ತದೆ ಎಂಬುದು. ಅಗಲ ಅಂದರೆ ಹಲ್ಲಿನ ತುದಿಯಿಂದ ಬ್ಲೇಡಿನ ಬೆನ್ನಿನವರೆಗಿನ ಅಳತೆ. ಅಗಲ ಕಡಿಮೆಯಿದ್ದಷ್ಟೂ ಬ್ಲೇಡು ಕಿರಿದಾದ ತಿರುವಿನಲ್ಲಿ ಹೊರಳುತ್ತದೆ.

ಇಷ್ಟೂ ನಂಬರ್ ಕೊಂಡಿಡುವ ಅಗತ್ಯವಿಲ್ಲ. ಬೆಳ್ಳಿ, ಹಿತ್ತಾಳೆ, ಚಿನ್ನದ ಮಾಮೂಲಿ ತಗಡಿನ ಕೆಲಸಕ್ಕೆ 2/0, 4/0, 6/0 ಈ ಮೂರು ಸಾಕು. ದಪ್ಪ ತಂತಿ, 1.5 ಮಿ.ಮೀ. ಮೀರಿದ ತಗಡು ಅಥವಾ ಎರಕದ ಕಾಲು (ಎರಕ ಹೊಯ್ದಾಗ ಒಡವೆಗೆ ಅಂಟಿ ಉಳಿಯುವ ಲೋಹದ ಕಡ್ಡಿ) ಕತ್ತರಿಸಲು 1 ಅಥವಾ 2ರ ಒಂದು ಡಜನ್ ಪಕ್ಕದಲ್ಲಿರಲಿ. ಇದೇ ಮೊದಲು ಗರಗಸ ಹಿಡಿಯುವವರು 2/0 ಮತ್ತು 4/0 ಎರಡನ್ನೇ ಕೊಳ್ಳಿ. ಕೈ ಕೂರುವ ಮೊದಲೇ 8/0 ಹಿಡಿದರೆ ಡಜನ್ ಖಾಲಿಯಾಗುವುದು ತಿಳಿಯುವುದೇ ಇಲ್ಲ.

ತಗಡಿಗೆ ತಕ್ಕ ಹಲ್ಲು

ತಗಡಿನ ದಪ್ಪದೊಳಗೆ ಒಂದೇ ಹೊತ್ತಿಗೆ ಕನಿಷ್ಠ ಎರಡು ಹಲ್ಲು ಕಚ್ಚಿರಬೇಕು. ಮೂರಿದ್ದರೆ ಕೊಯ್ತ ಬೆಣ್ಣೆಯಂತೆ ಹೋಗುತ್ತದೆ. ಒಂದೇ ಹಲ್ಲು ಇದ್ದರೆ ತಗಡಿನ ಅಂಚು ಎರಡು ಹಲ್ಲಿನ ನಡುವಿನ ಸಂದಿಗೆ ಸಿಕ್ಕಿಬೀಳುತ್ತದೆ. ಕೈ ಕೆಳಗೆಳೆಯುತ್ತದೆ, ತಗಡು ಬಿಡುವುದಿಲ್ಲ, ಹಲ್ಲೋ ಬ್ಲೇಡೋ ಹೋಗುತ್ತದೆ.

ಇಂಚಿಗೆ ಇರುವ ಹಲ್ಲನ್ನು 25.4ರಿಂದ ಭಾಗಿಸಿದರೆ ಮಿಲಿಮೀಟರಿಗೆ ಎಷ್ಟೆಂದು ಸಿಗುತ್ತದೆ. 4/0ಕ್ಕೆ 66 ಹಲ್ಲು, ಅಂದರೆ ಮಿಲಿಮೀಟರಿಗೆ 2.6. ಹಾಗಾಗಿ 0.8 ಮಿ.ಮೀ. ತಗಡಿನಲ್ಲಿ ಅದರ ಎರಡು ಹಲ್ಲು ಕೂರುತ್ತವೆ, ಸಾಕು. ಅದೇ ತಗಡಿಗೆ ನಂಬರ್ 2 ಹಾಕಿದರೆ ಒಂದೂಕಾಲಿನಷ್ಟು ಹಲ್ಲು ಮಾತ್ರ ಒಳಗಿರುತ್ತದೆ, ಅದು ಜಗ್ಗಿ ಜಗ್ಗಿ ಹೋಗುತ್ತದೆ. ಈ ಲೆಕ್ಕದಲ್ಲಿ 0.6 ಮಿ.ಮೀ. ತಗಡಿಗೆ 8/0, 0.8ಕ್ಕೆ 4/0, 1 ಮಿ.ಮೀ.ಗೆ 2/0, 1.3ರ ಆಸುಪಾಸಿಗೆ 1 ಹೊಂದುತ್ತದೆ.

ಇನ್ನೂ ತೆಳುವಿಗೆ ಈ ನಿಯಮ ಕೈಕೊಡುತ್ತದೆ. 0.5 ಮಿ.ಮೀ. ತಗಡಿನಲ್ಲಿ 8/0 ಬ್ಲೇಡಿನದೂ ಎರಡು ಹಲ್ಲು ಪೂರ್ತಿ ಕೂರುವುದಿಲ್ಲ. ಆಗ ಗರಗಸವನ್ನು ಮುಂದಕ್ಕೆ ಓರೆ ಮಾಡಿ. 45 ಡಿಗ್ರಿ ಓರೆಯಲ್ಲಿ ಬ್ಲೇಡು ತಗಡನ್ನು ಹಾಯುವ ಉದ್ದ 1.4 ಪಟ್ಟು ಆಗುತ್ತದೆ, ಅಷ್ಟು ಹೆಚ್ಚು ಹಲ್ಲು ಕೆಲಸಕ್ಕೆ ಬರುತ್ತವೆ. ಓರೆ ಹಿಡಿತ ನೇರ ಗೆರೆಗೆ ಚೆನ್ನ, ತಿರುವಿಗೆ ಆಗದು. 0.3 ಮಿ.ಮೀ.ನಂಥ ಹಾಳೆಯಾದರೆ ಅಡಿಗೆ ತೆಳು ಪ್ಲೈವುಡ್ ಅಂಟಿಸಿ ಎರಡನ್ನೂ ಒಟ್ಟಿಗೆ ಕೊಯ್ಯಿರಿ. ಜೋಡಿ ಓಲೆಗೆ ಎರಡು ತಗಡನ್ನು ಒಂದರ ಮೇಲೊಂದಿಟ್ಟು ಎರಡು ಬದಿಯ ಟೇಪಿನಿಂದ ಅಂಟಿಸಿ ಕೊಯ್ದರೆ ಎರಡು ಓಲೆಯೂ ಒಂದೇ ಅಚ್ಚು. ಆಗ ಬ್ಲೇಡನ್ನು ಒಂಟಿ ತಗಡಿಗಲ್ಲ, ಕೂಡಿದ ದಪ್ಪಕ್ಕೆ ಆರಿಸಬೇಕು. 0.5ರ ಎರಡು ತಗಡು ಸೇರಿ 1 ಮಿ.ಮೀ. ಆದ್ದರಿಂದ 2/0 ಅಥವಾ 3/0 ಸರಿಹೋಗುತ್ತದೆ.

ದಪ್ಪವನ್ನು ಗೇಜಿನಲ್ಲಿ ಕೇಳಿ ನಂಬಬೇಡಿ. 20 ಗೇಜ್ ಎಂಬುದು ಬ್ರಿಟಿಷ್ ಎಸ್‌ಡಬ್ಲ್ಯುಜಿ ಅಳತೆಯಲ್ಲಿ 0.91 ಮಿ.ಮೀ., ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಅಳತೆಯಲ್ಲಿ 0.81. ಅಂತರ್ಜಾಲದಲ್ಲಿ ಸಿಗುವ ಬ್ಲೇಡಿನ ಪಟ್ಟಿಗಳಲ್ಲಿ ಅಮೆರಿಕದ ಲೆಕ್ಕವೇ ಜಾಸ್ತಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಮಿಲಿಮೀಟರಿನಲ್ಲೇ ಅಳೆಯಿರಿ.

ಲೋಹದ ಗುಣವನ್ನೂ ನೋಡಬೇಕು. ಹಿತ್ತಾಳೆ ಗರಿಗರಿಯಾಗಿ ಪುಡಿ ಬಿಡುತ್ತದೆ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ತಾಮ್ರ, ಶುದ್ಧ ಬೆಳ್ಳಿ ಜಿಗುಟು. ಪುಡಿ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಇವಕ್ಕೆ ತಗಡಿನ ಲೆಕ್ಕಕ್ಕಿಂತ ಒಂದು ನಂಬರ್ ಒರಟಾದ ಬ್ಲೇಡು ಹಗುರ. ಆಗತಾನೆ ಕಾಯಿಸಿ ಮೆತ್ತಗೆ ಮಾಡಿದ ತಗಡಿಗಿಂತ ಒತ್ತುಯಂತ್ರದಿಂದ ಬಂದ ಗಡಸು ತಗಡು ಚೊಕ್ಕವಾಗಿ ಕೊಯ್ಯುತ್ತದೆ. ಸಾಧ್ಯವಾದರೆ ಮೊದಲು ಕೊಯ್ದು ಆಮೇಲೆ ಕಾಯಿಸಿ. ಮೇಣದ ಅಚ್ಚಿಗೆ ಮಾತ್ರ ಈ ಬ್ಲೇಡುಗಳು ಯಾವುವೂ ಬೇಡ. ಸುತ್ತಲೂ ಹಲ್ಲಿರುವ, ತಿರುಚಿದ ಸ್ಪೈರಲ್ ಬ್ಲೇಡು ಬೇರೆಯೇ ಸಿಗುತ್ತದೆ.

ಚಿನ್ನವಾದರೆ ಪುಡಿಯ ಲೆಕ್ಕ

22 ಕ್ಯಾರೆಟ್ ಚಿನ್ನದ 1 ಮಿ.ಮೀ. ತಗಡಿನಲ್ಲಿ 10 ಸೆಂ.ಮೀ. ಗೆರೆ ಕೊಯ್ಯುತ್ತೀರಿ ಎಂದಿಟ್ಟುಕೊಳ್ಳಿ. ನಂಬರ್ 1 ಬ್ಲೇಡಿನ ಸೀಳು 0.30 ಮಿ.ಮೀ. ಅಂದರೆ 30 ಘನ ಮಿ.ಮೀ. ಚಿನ್ನ ಪುಡಿಯಾಗುತ್ತದೆ, ತೂಕದಲ್ಲಿ ಸುಮಾರು 0.53 ಗ್ರಾಂ. 4/0 ಹಾಕಿದರೆ 0.39 ಗ್ರಾಂ, 8/0 ಹಾಕಿದರೆ 0.28 ಗ್ರಾಂ. ನಿಜವಾದ ಸೀಳು ಇದಕ್ಕಿಂತ ಕೊಂಚ ಹೆಚ್ಚೇ. ಒಂದು ಜಾಲಿ ಓಲೆಯಲ್ಲಿ 12 ಮಿ.ಮೀ. ಸುತ್ತಳತೆಯ 20 ಕಿಂಡಿ ಇದ್ದರೆ ಕೊಯ್ತದ ಉದ್ದ 24 ಸೆಂ.ಮೀ., ಜೋಡಿಗೆ 48.

ಪುಡಿ ಎಲ್ಲಿಗೂ ಹೋಗುವುದಿಲ್ಲ, ಬೆಂಚಿನ ಕೆಳಗೆ ಮಡಿಲ ಮೇಲೆ ಹಾಸಿದ ಚರ್ಮದಲ್ಲೇ ಬೀಳುತ್ತದೆ, ನಿಜ. ಆದರೆ ಕಿಂಡಿಯಿಂದ ಬಿದ್ದ ಗಟ್ಟಿ ಚೂರನ್ನು ಹಾಗೇ ಕರಗಿಸಬಹುದು. ಪುಡಿಯಲ್ಲಿ ಮೇಣ, ಮರದ ಹೊಟ್ಟು, ಉಕ್ಕಿನ ಚೂರು ಎಲ್ಲ ಬೆರೆತಿರುತ್ತವೆ. ಅದನ್ನು ಶುದ್ಧಿ ಮಾಡಿಸುವಾಗ ಸವಕಳಿ ತಪ್ಪದು. ಅಕ್ಕಸಾಲಿಗರ ಅಂಗಡಿಯ ಕಸವನ್ನೇ ದುಡ್ಡು ಕೊಟ್ಟು ಕೊಂಡು ತೊಳೆಯುವವರು ಇರುವುದು ಸುಮ್ಮನೆ ಅಲ್ಲ. ಚಿನ್ನಕ್ಕೆ ತಗಡು ತಾಳುವಷ್ಟು ಸಣ್ಣ ಬ್ಲೇಡು ಹಾಕಿ. ಬ್ಲೇಡಿನಲ್ಲಿ ಉಳಿಸುವ ರೂಪಾಯಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕೊಂಡಿ ಬಳೆ, ಅಂದರೆ ಒಡವೆಯ ಭಾಗಗಳನ್ನು ಜೋಡಿಸುವ ಪುಟ್ಟ ತಂತಿ ಉಂಗುರ, ಮಾಡುವವರಿಗೆ ಸಣ್ಣ ಬ್ಲೇಡಿನಿಂದ ಇನ್ನೊಂದು ಲಾಭವಿದೆ. ಸುರುಳಿ ಸುತ್ತಿದ ತಂತಿಯನ್ನು ಕೊಯ್ದಾಗ ಸೀಳಿನಷ್ಟು ಸುತ್ತು ಕಳೆದುಹೋಗುತ್ತದೆ. ಬಾಯಿ ಮುಚ್ಚಿದಾಗ ಬಳೆ ಅಷ್ಟರಮಟ್ಟಿಗೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸುಮಾರು 0.8 ಮಿ.ಮೀ. ತಂತಿಯ ಸಣ್ಣ ಬಳೆಗೆ 4/0ಕ್ಕಿಂತ ಒರಟಾದ ಬ್ಲೇಡು ಹಾಕಬೇಡಿ.

ಕೊಳ್ಳುವಾಗ ನೋಡಬೇಕಾದ್ದು

ಸ್ವಿಟ್ಜರ್ಲೆಂಡಿನ ವಲ್ಲೋರ್ಬ್, ಸೂಪರ್ ಪೈಕ್, ಜರ್ಮನಿಯ ನಿಕ್ವಾ ಹೆಸರಾದ ಬ್ರಾಂಡುಗಳು. ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆಯ ಕಡೆ ಅಕ್ಕಸಾಲಿಗರ ಸಾಮಾನಿನ ಅಂಗಡಿಗಳಲ್ಲಿ ಹೊರದೇಶದ್ದೂ ಅಗ್ಗದ್ದೂ ಅಕ್ಕಪಕ್ಕದಲ್ಲೇ ಇರುತ್ತವೆ. ಚೀಟಿಯೊಂದನ್ನೇ ನಂಬಿ ಗ್ರೋಸ್‌ಗಟ್ಟಲೆ ತರುವ ಬದಲು ಮೊದಲು ಒಂದು ಡಜನ್ ತಂದು ಹೀಗೆ ನೋಡಿ.

ಬ್ಲೇಡಿನ ಎರಡು ತುದಿ ಹಿಡಿದು ನಿಧಾನಕ್ಕೆ ಬಿಲ್ಲಿನಂತೆ ಬಗ್ಗಿಸಿ, ಬಿಡಿ. ಒಳ್ಳೆಯದು ಚಟ್ಟನೆ ನೆಟ್ಟಗಾಗುತ್ತದೆ. ಬಾಗಿದಂತೆಯೇ ಉಳಿದರೆ ಉಕ್ಕು ಮೆದು, ಹಲ್ಲು ಬೇಗ ಮೊಂಡಾಗುತ್ತದೆ. ತುಸು ಬಗ್ಗಿಸುವಷ್ಟರಲ್ಲಿ ಪಟ್ಟೆಂದರೆ ಗಡಸು ಜಾಸ್ತಿಯಾಗಿದೆ, ತಿರುವಿನಲ್ಲಿ ನಿಲ್ಲುವುದಿಲ್ಲ.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಹಲ್ಲು ನೋಡಿ. ಅಂತರ ಒಂದೇ ಸಮ ಇರಬೇಕು, ತುದಿ ಚೂಪಾಗಿರಬೇಕು. ಒಂದೇ ಬದಿಗೆ ಲೋಹದ ಸಿಬಿರು ಎದ್ದಿದ್ದರೆ ಆ ಬ್ಲೇಡು ಜನ್ಮದಲ್ಲಿ ನೇರ ಹೋಗುವುದಿಲ್ಲ, ಸಿಬಿರಿರುವ ಕಡೆಗೇ ವಾಲುತ್ತದೆ. ಬೆನ್ನನ್ನೂ ಗಮನಿಸಿ. ಬೆನ್ನಿನ ಮೂಲೆಗಳು ದುಂಡಗಿದ್ದರೆ ಬ್ಲೇಡು ಸೀಳಿನೊಳಗೇ ಸಲೀಸಾಗಿ ಹೊರಳುತ್ತದೆ. ಚೌಕ ಬೆನ್ನಿನದು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊನೆಗೆ 1 ಮಿ.ಮೀ. ಹಿತ್ತಾಳೆಯ ಮೇಲೆ 20 ಮಿ.ಮೀ. ಗೆರೆ ಗೀರಿ, ಒತ್ತಡ ಹಾಕದೆ 2/0 ಬ್ಲೇಡಿನಲ್ಲಿ ಕೊಯ್ಯಿರಿ. ಕಟ್ಟಿನ ಮೂರು ಬ್ಲೇಡುಗಳಲ್ಲೂ ಹೀಗೇ ಮಾಡಿ. ಮೂರೂ ಒಂದೇ ಕಡೆಗೆ ವಾಲಿದರೆ ದೋಷ ನಿಮ್ಮ ಹಿಡಿತದ್ದೋ ಫ್ರೇಮಿನದೋ ಆಗಿರಬಹುದು. ಒಂದೊಂದು ಒಂದೊಂದು ಕಡೆ ಹೋದರೆ ಆ ಕಟ್ಟೇ ಸರಿಯಿಲ್ಲ.

ಫ್ರೇಮಿಗೆ ಬಿಗಿಯುವುದು

ಒಳ್ಳೆಯ ಬ್ಲೇಡೂ ಸಡಿಲ ಫ್ರೇಮಿನಲ್ಲಿ ದಾರದಂತೆ ಜೋಲುತ್ತದೆ. ಮೊದಲು ಬ್ಲೇಡಿನ ತುದಿ ಕಚ್ಚಿಹಿಡಿಯುವ ಎರಡೂ ಹಿಡಿಕಟ್ಟುಗಳು ಒಂದೇ ಸಮತಟ್ಟಿನಲ್ಲಿವೆಯೇ ನೋಡಿ. ಒಂದು ತಿರುಚಿದ್ದರೆ ಬ್ಲೇಡೂ ತಿರುಚಿಕೊಂಡೇ ಕೂರುತ್ತದೆ. ಹಿಡಿಕಟ್ಟಿನ ಒಳಮೈಯಲ್ಲಿ ಎಣ್ಣೆ, ಮೇಣ ಇದ್ದರೆ ಬಟ್ಟೆಯಿಂದ ಒರೆಸಿ.

ಹಲ್ಲು ಹೊರಮುಖವಾಗಿ, ತುದಿ ಹಿಡಿಯ ಕಡೆ ಅಂದರೆ ಕೆಳಗೆ ನೋಡಬೇಕು. ಕೊಯ್ಯುವುದು ಕೆಳಗೆಳೆದಾಗ ಮಾತ್ರ. ಸಣ್ಣ ಬ್ಲೇಡಿನಲ್ಲಿ ದಿಕ್ಕು ಕಣ್ಣಿಗೆ ತಿಳಿಯದು. ಬೆರಳಿನಿಂದ ಹಗುರವಾಗಿ ಸವರಿ ನೋಡಿ. ಭತ್ತದ ತೆನೆ ಬುಡದಿಂದ ತುದಿಗೆ ಸವರಿದರೆ ಜಾರುತ್ತದೆ, ತಿರುಗಿಸಿ ಸವರಿದರೆ ಚುಚ್ಚುತ್ತದೆ. ಬ್ಲೇಡೂ ಹಾಗೆಯೇ: ಮೇಲಿನಿಂದ ಹಿಡಿಯ ಕಡೆಗೆ ಜಾರಬೇಕು, ಹಿಡಿಯಿಂದ ಮೇಲಕ್ಕೆ ಕಚ್ಚಬೇಕು.

ಮೇಲಿನ ತುದಿಯನ್ನು 10 ಮಿ.ಮೀ. ಒಳಗೆ ಕೊಟ್ಟು ತಿರುಪು ಬಿಗಿ ಮಾಡಿ. ಫ್ರೇಮಿನ ಮೇಲ್ತುದಿಯನ್ನು ಬೆಂಚಿನ ಅಂಚಿಗೆ ಒತ್ತಿ, ಹಿಡಿಯನ್ನು ಎದೆಯಿಂದ ಅದುಮಿ, ಚೌಕಟ್ಟು ಒಂದು 4–5 ಮಿ.ಮೀ. ಕುಗ್ಗಲಿ. ಹಾಗೇ ಅದುಮಿಕೊಂಡು ಕೆಳತುದಿ ಬಿಗಿದು, ಮೆಲ್ಲಗೆ ಬಿಡಿ. ಉಗುರಿನಿಂದ ಮೀಟಿದರೆ ತಂಬೂರಿ ತಂತಿಯಂತೆ ‘ಟಿಣ್’ ಎನ್ನಬೇಕು. ‘ಡಬ್’ ಎಂದರೆ ಬಿಚ್ಚಿ ಮತ್ತೆ ಬಿಗಿಯಿರಿ. ತಿರುಪಿಗೆ ಬೆರಳ ಬಲ ಸಾಕು, ಇಕ್ಕಳ ಹಾಕಿದರೆ ತಿರುಪಿನ ಸುತ್ತು ಸವೆದುಹೋಗುತ್ತದೆ.

ಕೊಯ್ಯುವ ಹದ

ಬೆಂಚಿನ ಮರದ ನಾಲಿಗೆ, ಅಂದರೆ ವಿ ಆಕಾರದಲ್ಲಿ ಸೀಳಿದ ಬೆಂಚ್ ಪಿನ್, ಎದೆಯ ಮೇಲ್ಭಾಗದ ಎತ್ತರಕ್ಕೆ ಬರುವಂತೆ ತಗ್ಗಾಗಿ ಕೂರಿ. ಕನ್ನಡಕ ಹಾಕಿ. ಮುರಿದ ತುಂಡು ಕಣ್ಣಿನ ಮಟ್ಟದಲ್ಲೇ ಸಿಡಿಯುತ್ತದೆ.

ಶುರುವಿಗೆ ಬ್ಲೇಡನ್ನು ಅಂಚಿಗೆ ತಾಗಿಸಿ ಒಂದೆರಡು ಸಲ ಮೇಲಕ್ಕೆ ಮಾತ್ರ ಎಳೆಯಿರಿ. ಕೊಯ್ಯದಿದ್ದರೂ ಸಣ್ಣ ಜಾಡು ಬೀಳುತ್ತದೆ, ಆಮೇಲೆ ಕೆಳಗೆಳೆದಾಗ ಬ್ಲೇಡು ಜಾರುವುದಿಲ್ಲ. ಗೆರೆಯ ಮೇಲೆಯೇ ಕೊಯ್ಯಬೇಡಿ, ಬಿಸಾಡುವ ಭಾಗದ ಕಡೆ ಗೆರೆಗೆ ತಾಗಿದಂತೆ ಹೋಗಿ. ಅರ ಹಾಕಿದಾಗ ಗೆರೆ ಸಿಗುತ್ತದೆ.

ಮುಂದಕ್ಕೆ ದೂಡುವುದೇ ಬ್ಲೇಡಿನ ಮೊದಲ ಶತ್ರು. ಕೈ ಕೆಳಗೂ ಮೇಲೂ ಆಡಲಿ, ಮುಂದೆ ಹೋಗುವ ಕೆಲಸ ಹಲ್ಲಿಗೆ ಬಿಡಿ. ಹಿಡಿಯನ್ನು ಮೂರು ಬೆರಳಲ್ಲಿ ಸಡಿಲವಾಗಿ ಹಿಡಿದರೆ ದೂಡಲು ಮನಸ್ಸಿದ್ದರೂ ಆಗುವುದಿಲ್ಲ. ಹಿಡಿಕಟ್ಟುಗಳನ್ನು ಬಿಟ್ಟು 110 ಮಿ.ಮೀ.ನಷ್ಟು ಹಲ್ಲು ಉಳಿಯುತ್ತದೆ, ಅಷ್ಟನ್ನೂ ಬಳಸಿ. ಗಡಿಬಿಡಿಯಲ್ಲಿ ನಡುವಿನ ಮೂರು ಸೆಂಟಿಮೀಟರ್ ಮಾತ್ರ ಉಜ್ಜಿದರೆ ಅಷ್ಟು ಭಾಗ ಮೊಂಡಾಗಿ ಪೂರ್ತಿ ಬ್ಲೇಡು ಕಸದ ಬುಟ್ಟಿಗೆ.

ಮೂಲೆ ಬಂದಾಗ ಬ್ಲೇಡು ನಿಂತಲ್ಲೇ ಮೇಲೆ ಕೆಳಗೆ ಆಡುತ್ತಿರಲಿ, ಎಡಗೈ ತಗಡನ್ನು ನಿಧಾನಕ್ಕೆ ತಿರುಗಿಸಲಿ. ನಾಲ್ಕೈದು ಎಳೆತದಲ್ಲಿ ಬ್ಲೇಡು ತಾನು ಹೊರಳುವಷ್ಟು ಜಾಗ ಮಾಡಿಕೊಳ್ಳುತ್ತದೆ. ಗರಗಸ ನಿಲ್ಲಿಸಿ ತಗಡು ತಿರುಗಿಸಿದಿರೋ, ಮುರಿಯಿತೆಂದೇ ಲೆಕ್ಕ.

ಜೇನುಮೇಣವನ್ನು ಬ್ಲೇಡಿನ ಬೆನ್ನಿಗೂ ಬದಿಗಳಿಗೂ ಒಮ್ಮೆ ಸವರಿ. ಹಲ್ಲಿಗೆ ಮೆತ್ತಿದರೆ ಪುಡಿ ಅಂಟಿ ಸಂದಿ ತುಂಬುತ್ತದೆ.

ಜಾಲಿ ಕಿಂಡಿಗೆ ಮೊದಲು ತೂತು ಬೇಕು. ಡ್ರಿಲ್ ಬಿಟ್ಟನ್ನು ಬ್ಲೇಡಿನ ದಪ್ಪಕ್ಕಲ್ಲ, ಅಗಲಕ್ಕೆ ನೋಡಿ ಆರಿಸಿ. 4/0 ಬ್ಲೇಡಿನ ಅಗಲ 0.44, ಓರೆಯಲ್ಲಿ ಅಳೆದರೆ 0.5ರ ಹತ್ತಿರ, 0.6 ಮಿ.ಮೀ. ಬಿಟ್ ಸಾಕು. 2/0ಕ್ಕೆ 0.7 ಅಥವಾ 0.8. ತೂತನ್ನು ಗೆರೆಯ ಮೇಲೆ ಹಾಕದೆ ಬಿಸಾಡುವ ಭಾಗದ ನಡುವೆ ಹಾಕಿ. ಬ್ಲೇಡಿನ ಕೆಳತುದಿ ಬಿಚ್ಚಿ, ತಗಡಿನ ಮುಖ ಮೇಲಿರುವಂತೆ ಪೋಣಿಸಿ, ತಗಡನ್ನು ಫ್ರೇಮಿನ ಮೇಲ್ತುದಿಗೆ ಜಾರಿಸಿ, ಆಮೇಲೆ ಮತ್ತೆ ಬಿಗಿಯಿರಿ. ಬಿಗಿಯುವಾಗ ತಗಡು ಬ್ಲೇಡಿನ ಮೇಲೆ ಜೋತುಬಿದ್ದರೆ ಅಲ್ಲೇ ಬಾಗುತ್ತದೆ, ಒಂದು ಬೆರಳು ಆಸರೆ ಕೊಡಿ.

ಮುರಿದ ಜಾಗ ನೋಡಿ

ಹಿಡಿಕಟ್ಟಿನ ಬಾಯಲ್ಲೇ ಮುರಿದರೆ ತಿರುಪು ಅತಿಯಾಗಿದೆ, ಇಲ್ಲವೇ ಹಿಡಿಕಟ್ಟಿನ ಅಂಚು ಬ್ಲೇಡನ್ನು ಮಡಚಿದೆ. ನಡುವೆ, ತಿರುವಿನಲ್ಲಿ ಮುರಿದರೆ ತಗಡನ್ನು ಅವಸರದಲ್ಲಿ ತಿರುಗಿಸಲಾಗಿದೆ. ನೇರ ಗೆರೆಯಲ್ಲೇ ಮುರಿದರೆ ಮುಂದಕ್ಕೆ ದೂಡಿದ್ದು, ಅಥವಾ ತಗಡು ಹಿಡಿದ ಎಡಗೈ ಸಡಿಲಾಗಿ ಮೇಲಕ್ಕೆಳೆದಾಗ ತಗಡು ಎದ್ದು ಕುಣಿದದ್ದು. ಕಟಕಟ ಸದ್ದು ಮಾಡಿ ಹಲ್ಲು ಉದುರಿದರೆ ತಗಡಿಗೆ ಬ್ಲೇಡು ಒರಟಾಯಿತು. ಮುರಿಯದೆ ಸುಮ್ಮನೆ ಜಾರುತ್ತ, ಪುಡಿ ಬೀಳುವುದು ಕಡಿಮೆಯಾದರೆ ಹಲ್ಲು ಮೊಂಡಾಗಿದೆ. ಆಗ ಕೈ ತನಗರಿವಿಲ್ಲದೆ ಒತ್ತಲು ಶುರುಮಾಡುತ್ತದೆ. ಮೊಂಡು ಬ್ಲೇಡನ್ನು ಮುರಿಯುವ ತನಕ ದುಡಿಸುವುದು ಉಳಿತಾಯ ಅಲ್ಲ. ಅಡ್ಡಾದಿಡ್ಡಿ ಹೋದ ಸೀಳನ್ನು ಅರದಲ್ಲಿ ಸರಿಮಾಡುವಷ್ಟರಲ್ಲಿ ಇನ್ನೆರಡು ಕಿಂಡಿ ಮುಗಿಯುತ್ತಿತ್ತು.

ಬ್ಲೇಡು ಸೀಳಿನಲ್ಲಿ ಸಿಕ್ಕಿಬಿದ್ದರೆ ಎಳೆದಾಡಬೇಡಿ. ಕೆಳಗಿನ ತಿರುಪು ಸಡಿಲಿಸಿ, ತಗಡನ್ನು ಕೆಳಕ್ಕೆ ಜಾರಿಸಿ ಬಿಡಿಸಿಕೊಳ್ಳಿ.

ಇಡುವ ಬಗೆ, ಚೂರುಗಳ ಗತಿ

ಕಟ್ಟು ಬಿಚ್ಚಿದ ಬ್ಲೇಡುಗಳು ಬೆರೆತರೆ 3/0 ಯಾವುದು 4/0 ಯಾವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಉದ್ದನೆಯ ಊದುಬತ್ತಿ ಕೊಳವೆ ಇದಕ್ಕೆ ಹೇಳಿಮಾಡಿಸಿದಂತಿದೆ. ನಂಬರಿಗೊಂದು ಕೊಳವೆ, ಹೊರಗೆ ದಪ್ಪ ಅಕ್ಷರದಲ್ಲಿ ನಂಬರ್. ಉಡುಪಿ, ಮಂಗಳೂರಿನಂಥ ಕರಾವಳಿಯ ಮಳೆಗಾಲದಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಯಂತ್ರದ ಎಣ್ಣೆ ಸೋಕಿಸಿದ ಕಾಗದ ಸುತ್ತಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿಡಿ. ಬಿಗಿಯುವ ಮೊದಲು ಆ ಎಣ್ಣೆ ಒರೆಸಿ.

ಸೀಸ, ಅಲ್ಯೂಮಿನಿಯಂ, ಸೀಸದ ಬೆಸುಗೆ ಇರುವ ಹಳೆ ಸಾಮಾನು ಕೊಯ್ದ ಬ್ಲೇಡನ್ನು ಚಿನ್ನ ಬೆಳ್ಳಿಯ ಹತ್ತಿರ ತರಲೇಬೇಡಿ. ಚೂರು ಸೀಸ ಸೇರಿದರೂ ಕರಗಿಸಿದ ಚಿನ್ನ ಬಿರುಕು ಬಿಡುವಷ್ಟು ಪೆಡಸಾಗುತ್ತದೆ. ಬೆಳ್ಳಿಯನ್ನು ಕಾಯಿಸಿದಾಗ ಸೀಸದ ಕಣ ಕೂತಲ್ಲಿ ಕುಳಿ ಬೀಳುತ್ತದೆ. ಅಂಥ ಕೆಲಸಕ್ಕೆ ಬೇರೆ ಬ್ಲೇಡು, ಬೇರೆ ಬೆಂಚ್ ಪಿನ್ ಇರಲಿ.

ಮುರಿದ ಬ್ಲೇಡಿನಲ್ಲಿ 8 ಸೆಂ.ಮೀ. ಮೇಲ್ಪಟ್ಟ ತುಂಡು ಉಳಿದರೆ, ಉದ್ದ ಹೊಂದಿಸುವ ಫ್ರೇಮಿನಲ್ಲಿ ಮತ್ತೆ ಬಿಗಿದು ತಂತಿ ಕತ್ತರಿಸಲು ಬಳಸಬಹುದು. ಅದಕ್ಕಿಂತ ಚಿಕ್ಕವನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ, ನೆಲಕ್ಕೆ ಬಿದ್ದರೆ ಬರಿಗಾಲಿಗೆ ನಾಟುತ್ತವೆ. ಮಡಿಲ ಪುಡಿಯಲ್ಲಿ ಕಣ್ಣಿಗೆ ಕಾಣದ ಹಲ್ಲಿನ ಚೂರುಗಳು ಹೇಗೂ ಇರುತ್ತವೆ. ಪುಡಿಯನ್ನು ಕಾಗದದ ಮೇಲೆ ತೆಳ್ಳಗೆ ಹರಡಿ, ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಮೇಲೆ ಎರಡು ಮೂರು ಸಲ ಆಡಿಸಿ. ಉಕ್ಕೆಲ್ಲ ಚೀಲಕ್ಕೆ ಅಂಟುತ್ತದೆ. ಪಕ್ಕಕ್ಕೊಯ್ದು ಅಯಸ್ಕಾಂತ ಹೊರತೆಗೆದರೆ ಚೂರು ತಾನೇ ಉದುರುತ್ತದೆ. ಅದರ ಜೊತೆ ಚಿನ್ನದ ಪುಡಿ ಅಂಟಿಕೊಂಡು ಬಂದಿದ್ದರೆ, ಉದುರಿದ್ದನ್ನು ಹರಡಿ ಇನ್ನೊಮ್ಮೆ ಅಯಸ್ಕಾಂತ ಆಡಿಸಿ, ಆಮೇಲೆ ಉಳಿದ ಚಿನ್ನದ ಪುಡಿಯನ್ನು ಮೂಸೆಗೆ ಹಾಕಿ.